ಜೀರೋ ಬೆಟ್ಟಕ್ಕೆ ಹೋದ ಗುಮಟೆ ಮನೆಗೆ ಬಂತು

ನಿನ್ನೆ ಬೆಳಿಗ್ಗೆ ಕುಮಟಾ ಸ್ಟೇಷನ್ನಿನಲ್ಲಿ ಇಳಿದೆವು. ಜೀರೋ ಸಂಗೀತೋತ್ಸವದಲ್ಲಿ ಹಾಡಿ ನಮ್ಮ ತಂಡದ ಐದೂ ಜನ ಸುಖವಾಗಿ ಬಂದಿದ್ದೇವೆ. ದುಡ್ಡು ಕೊಟ್ಟವರು, ಬುತ್ತಿ ಕಟ್ಟಿಕೊಟ್ಟವರು, ದಿನಾ ಫೋನ್ ಮಾಡಿ ವಿಚಾರಿಸಿದವರು ತುಂಬಾ ಜನ. ಒಬ್ಬೊಬ್ಬರ ಮನೆಗೇ ಹೋಗಿ ಹೇಳಬೇಕಿತ್ತು. ಹೋಗುತ್ತೇವೆ ಕೂಡ. ಅದಕ್ಕೂ ಮೊದಲು ಇಲ್ಲಿ ಬರೆಯದೆ ಮನಸ್ಸು ತಡೆಯಲಿಲ್ಲ.

ಅರುಣಾಚಲ ಪ್ರದೇಶದ ಜೀರೋ ಕಣಿವೆಯಲ್ಲಿ 2012ರಲ್ಲಿ ಶುರುವಾದ ಸಂಗೀತೋತ್ಸವ ಅದು. ಸುತ್ತಲೂ ಗುಡ್ಡ, ನಡುವೆ ಭತ್ತದ ಗದ್ದೆ, ಊರಿನವರು ಬಿದಿರಿನಲ್ಲಿ ಕಟ್ಟಿದ ವೇದಿಕೆ. ಆ ವೇದಿಕೆಯ ಮೇಲೆ ನಾವು ನಲವತ್ತು ನಿಮಿಷ ಹಾಡಿದೆವು. ಆರು ವರ್ಷದಿಂದ ಗೋಕರ್ಣ, ಕಾರವಾರ, ಶಿರಸಿ ಅಂತ ಸುತ್ತುತ್ತಿದ್ದ ನಮಗೆ ಹುಬ್ಬಳ್ಳಿಯೇ ದೂರದ ಊರಾಗಿತ್ತು.

ಬೆಂಗಳೂರಿಗೆ ಒಂದು ರೈಲು, ಅಲ್ಲಿಂದ ಗುವಾಹಟಿಗೆ ಇನ್ನೊಂದು, ಆಮೇಲೆ ನಾಹರ್ಲಗುನ್‌ಗೆ ರಾತ್ರಿ ರೈಲು, ಕೊನೆಗೆ ಸುಮೋದಲ್ಲಿ ಘಟ್ಟ ಹತ್ತಬೇಕು. ಅರುಣಾಚಲದೊಳಗೆ ಹೋಗಲು ಹೊರರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಅನ್ನುವ ಅನುಮತಿ ಪತ್ರ ಬೇಕು. ಐದೂ ಜನರ ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯ ತಮ್ಮ ಒಂದು ರೂಪಾಯಿ ಮುಟ್ಟಲಿಲ್ಲ. ಗಿಟಾರ್ ನುಡಿಸುವವನಿಗೆ ಹದಿನಾಲ್ಕು ದಿನ ರಜೆ ಕೊಟ್ಟ ಗ್ಯಾರೇಜಿನ ಅಣ್ಣನಿಗೂ ಕೈ ಮುಗಿಯುತ್ತೇವೆ. ಮೀನು ಮಾರ್ಕೆಟಿನ ಅಕ್ಕಂದಿರು ಸೊಂಟದ ಸಂಚಿಯಿಂದ ತೆಗೆದು ಕೊಟ್ಟ ನೋಟುಗಳು ಒದ್ದೆಯಾಗಿದ್ದವು. ಎಣಿಸುವಾಗ ಒಂದಕ್ಕೊಂದು ಅಂಟುತ್ತಿದ್ದವು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಇನ್ನು ಗುಮಟೆಯ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು.

ಗುಮಟೆ ಅಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ ಅಲ್ವಾ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆಗೆದು ದನಿ ಬದಲಿಸಬೇಕು. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ಈಗ ಆಡಿನದು. ನನಗೆ ಬಾರಿಸಲು ಕಲಿಸಿದ ಅಂಕೋಲೆ ಕಡೆಯ ಹಾಲಕ್ಕಿ ಒಕ್ಕಲಿಗರ ಅಜ್ಜ, ಹೊರಡುವ ಹಿಂದಿನ ದಿನ ತಮ್ಮದೇ ಗುಮಟೆ ತಂದುಕೊಟ್ಟರು. "ಮಣ್ಣಿಂದು ತಮಾ, ಒಂದನ್ನೇ ನಂಬ್ಕಂಡು ಹೋಗ್ಬೇಡ" ಅಂದರು. ಗುವಾಹಟಿ ರೈಲಿನಲ್ಲಿ ಮೇಲಿಂದ ಟ್ರಂಕ್ ಜಾರಿ ನನ್ನ ಗುಮಟೆ ಒಡೆಯಿತು. ಅಜ್ಜನದು ಅಮ್ಮನ ಹಳೇ ಸೀರೆಯೊಳಗೆ ಬೆಚ್ಚಗೆ ಕೂತಿತ್ತು.

ಜೀರೋ ಇರುವುದು 1,500 ಮೀಟರ್‌ಗೂ ಎತ್ತರದಲ್ಲಿ. ನಾವು ಹೋದ ದಿನದಿಂದ ಮಳೆ, ಜೊತೆಗೆ ಚಳಿ. ಚರ್ಮ ತಂಪು ಹಿಡಿದು ಸಡಿಲವಾಯಿತು. ಹೊಡೆದರೆ ಒದ್ದೆ ಗೋಣಿಗೆ ಹೊಡೆದ ಹಾಗೆ, ದಪ್ ಅಂತ. ಊರಲ್ಲಾದರೆ ಬಿಸಿಲಿಗಿಡಬಹುದಿತ್ತು. ಅಲ್ಲಿ ಬಿಸಿಲೇ ಇಲ್ಲ.

ನಾವು ಉಳಿದಿದ್ದು ಅಲ್ಲಿನ ಬುಡಕಟ್ಟಿನವರಾದ ಒಂದು ಅಪಾತಾನಿ ಕುಟುಂಬದ ಮನೆಯಲ್ಲಿ. ಮನೆಯ ನಡುವೆಯೇ ಬೆಂಕಿಯ ಒಲೆ. ಆ ಮನೆಯ ಅಮ್ಮನಿಗೆ ನಮ್ಮ ಮಾತು ಬರುವುದಿಲ್ಲ, ಅವರದು ನಮಗೆ ಬರುವುದಿಲ್ಲ. ನನ್ನ ಮುಖ ನೋಡಿದರು, ಗುಮಟೆ ಕೈಗೆ ತೆಗೆದುಕೊಂಡರು, ಒಲೆಯಿಂದ ಎರಡು ಮೊಳ ದೂರ ಇಟ್ಟರು. ತೀರಾ ಹತ್ತಿರವಾದರೆ ಚರ್ಮ ಬಿರಿಯುತ್ತದೆ, ದೂರವಾದರೆ ಕಾಯುವುದಿಲ್ಲ. ಆಗಾಗ ಅಂಗೈ ಹಿಡಿದು ಶಾಖ ನೋಡುವರು, ಒಂದಿಷ್ಟು ತಿರುಗಿಸುವರು, ಬೆರಳ ತುದಿಯಲ್ಲಿ ತಟ್ಟಿ ಕಿವಿಗೊಡುವರು. ಅನ್ನ ಬೇಯುವಷ್ಟು ಹೊತ್ತು ಹೀಗೇ ನಡೆಯಿತು. ಕೊನೆಗೆ ಒಮ್ಮೆ ತಟ್ಟಿದಾಗ ಢಂ ಅಂತು. ಅವರು ನಕ್ಕರು. ನನಗೆ ಅಳು ಬಂತು.

ಆ ಅಮ್ಮ ಮರುದಿನ ಬೆಳಿಗ್ಗೆ ನಮ್ಮನ್ನು ಗದ್ದೆಗೆ ಕರೆದುಕೊಂಡು ಹೋದರು. ಅಲ್ಲಿ ಭತ್ತದ ನೀರಿನಲ್ಲೇ ಮೀನು ಸಾಕುತ್ತಾರೆ. ನಮಗೆ ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗದ ಭತ್ತ, ಅಲ್ಲಿ ಹಿಡಿಯುವ ಸಿಗಡಿ ಎಲ್ಲ ಕಣ್ಣ ಮುಂದೆ ಬಂತು. ಮೊಬೈಲಿನಲ್ಲಿ ನಮ್ಮ ಕಡೆಯ ಮಾಣಿಕಟ್ಟಾ ಗಜನಿಯ ಫೋಟೋ ತೋರಿಸಿದೆವು. ತುಂಬಾ ಹೊತ್ತು ನೋಡಿದರು.

ಸೌಂಡ್ ನೋಡಿಕೊಂಡ ಹುಡುಗನಿಗೂ ದೊಡ್ಡ ಥ್ಯಾಂಕ್ಸ್. ಅವನು ಗುಮಟೆ ನೋಡಿದ್ದು ಅದೇ ಮೊದಲು. ಎರಡು ಸಲ ಬಾರಿಸಲು ಹೇಳಿ, ಸುಮ್ನೆ ಕೇಳಿಸಿಕೊಂಡು, ಚರ್ಮದ ಮುಂದೆ ಒಂದು ಮೈಕ್, ಸಣ್ಣ ಬಾಯಿಯ ಹಿಂದೆ ಇನ್ನೊಂದು ಇಟ್ಟ. ಆ ಹಿಂದಿನ ಬಾಯಿಯ ಗುಂಯ್ ಅನ್ನುವ ದನಿ ನಮ್ಮೂರಿನ ವೇದಿಕೆಗಳಲ್ಲೂ ನನಗೆ ಅಷ್ಟು ಚೆನ್ನಾಗಿ ಕೇಳಿದ್ದಿಲ್ಲ.

ಕೊನೆಯ ಹಾಡನ್ನು ಹಾಲಕ್ಕಿ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ ಅರ್ಪಿಸಿದೆವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಹಿಗ್ಗಿತ್ತು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡಿನ ಕಡೆ ನಮ್ಮ ಕಿವಿ ತಿರುಗಿದ್ದೇ ಅವರಿಂದ. ಮಳೆಯಲ್ಲಿ ನಿಂತಿದ್ದ ಜನಕ್ಕೆ ಹಾಡಿನ ಒಂದು ಪದವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಗುಮಟೆಯ ಪೆಟ್ಟಿಗೆ ಸರಿಯಾಗಿ ಚಪ್ಪಾಳೆ ಹಾಕಿದರು.

ನಿನ್ನೆ ಸಂಜೆ ಗುಮಟೆ ವಾಪಸ್ ಕೊಡಲು ಅಜ್ಜನ ಮನೆಗೆ ಹೋದೆ. ಅವರು ಚರ್ಮದ ಹತ್ತಿರ ಮೂಗು ತಂದು ಮೂಸಿದರು. ಬೇರೆ ಕಟ್ಟಿಗೆಯ ಹೊಗೆ ಅಂದರು. ಒಲೆಯ ಕಥೆ ಹೇಳಿದೆ. ಅಜ್ಜ ಎರಡು ಸಲ ಬಾರಿಸಿ, ಗೋಡೆಯ ಗೂಟಕ್ಕೆ ನೇತುಹಾಕಿದರು.

"ಕಾಯ್ಸಿದವ್ರಿಗೆ ಗೊತ್ತಿತ್ತು, ತಮಾ."