ಉಸುಕಿಗೆ ಲೆಕ್ಕ ಇದೆ, ಅದರೊಳಗಿನ ನೀರಿಗೆ?

ಮಾನ್ಯರೇ,

ಹಗರಿ ದಂಡೆಯ ನಮ್ಮೂರಿಗೆ ಕುಡಿಯುವ ನೀರು ಬರುವುದು ಹೊಳೆ ಅಂಚಿನ ಬೋರ್‌ವೆಲ್‌ನಿಂದ. ಅದರ ಹತ್ತಿರವೇ ಮರಳು ತೆಗೆಯಲು ಶುರುವಾಗಿ ಎರಡು ವರ್ಷ ಆಯಿತು. ಈ ಬೇಸಿಗೆಯಲ್ಲಿ ಮೋಟರ್ ಅರ್ಧ ಗಂಟೆ ಓಡಿದರೆ ಸಾಕು, ನಲ್ಲಿಯಲ್ಲಿ ಬರೀ ಗಾಳಿ. ಕಚೇರಿಯಲ್ಲಿ ಕೇಳಿದರೆ, "ಮಳೆ ಕಮ್ಮಿ ಅಲ್ವಾ" ಎಂದರು. ಮಳೆ ಕೈಕೊಟ್ಟ ವರ್ಷಗಳನ್ನು ನಾವೂ ಬೇಕಾದಷ್ಟು ನೋಡಿದ್ದೇವೆ. ಆಗೆಲ್ಲ ಹೊಳೆಯಲ್ಲಿ ಮೊಳದುದ್ದ ಉಸುಕು ತೋಡಿದರೆ ಒರತೆ ಬರುತ್ತಿತ್ತು. ನಮ್ಮವ್ವ ಚರಿಗೆಯಲ್ಲಿ ಮೊಗೆದು ಕೊಡ ತುಂಬುತ್ತಿದ್ದಳು. ಈಗ ಅದೇ ಜಾಗದಲ್ಲಿ ಹಿಟಾಚಿ ತೋಡಿದ ಗುಂಡಿ ಇದೆ. ತಳದಲ್ಲಿ ಜೇಡಿಮಣ್ಣು ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ನೆನೆದ ದಪ್ಪ ಉಸುಕಿನಿಂದ ಹೆಚ್ಚುಕಡಿಮೆ ಕಾಲು ಭಾಗ ನೀರು ಸಿಗುತ್ತದೆ ಎಂದು ಹಿಡಿಯೋಣ. ಒಂದು ಎಕರೆಯಲ್ಲಿ ಒಂದೇ ಮೀಟರ್ ಉಸುಕು ಎತ್ತಿದರೂ ಸುಮಾರು 10 ಲಕ್ಷ ಲೀಟರ್ ನೀರು ನಿಲ್ಲುವ ಜಾಗ ಹೋಯಿತು. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಅಂದರೆ 2000 ಜನರ ಊರಿಗೆ 9 ದಿನದ ನೀರು. ಗುಂಡಿಯಲ್ಲೂ ನೀರು ನಿಲ್ಲುತ್ತದಲ್ಲ ಎನ್ನಬಹುದು. ಬಳ್ಳಾರಿ ಬಿಸಿಲಿಗೆ ತೆರೆದ ನೀರು ಎಷ್ಟು ದಿನ ಇದ್ದೀತು? ಉಸುಕಿನಡಿ ಇದ್ದರೆ ಅದು ಉಳಿಯುತ್ತದೆ, ಸೋಸಿಯೂ ಬರುತ್ತದೆ.

ಹೋದ ಉಸುಕು ಮತ್ತೆ ಬರುವುದೂ ಕಷ್ಟ. ಹಗರಿಗೆ ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ ಇದೆ, ಆಂಧ್ರದ ಕಡೆ ಭೈರವಾನಿತಿಪ್ಪ ಅಣೆಕಟ್ಟು ಇದೆ. ಮೇಲಿಂದ ಬರುವ ಉಸುಕು ಬಹುಪಾಲು ಅಲ್ಲೇ ಕೂರುತ್ತದೆ. ಹಿಂದೆ ಹಗರಿ ಉಸುಕು ಗಾಳಿಗೆ ಹಾರಿ ಹೊಲ ಮುಚ್ಚುತ್ತದೆ ಎಂದು ಅಜ್ಜಂದಿರು ಬೈಯುತ್ತಿದ್ದರು. ಅವರು ಈಗ ಇದ್ದಿದ್ದರೆ ಏನನ್ನುತ್ತಿದ್ದರೋ!

ಬೋರ್ ಬತ್ತಿದರೆ ಇನ್ನೂ ಆಳ ಕೊರೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಕೆಳಗಿರುವುದು ಗಟ್ಟಿ ಕಲ್ಲು. ನಮ್ಮ ಭಾಗದ ಎಷ್ಟೋ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ.

ನಾನು ಮರಳೇ ತೆಗೆಯಬೇಡಿ ಎನ್ನುವವನಲ್ಲ. ನನ್ನ ಮನೆ ಗೋಡೆಯಲ್ಲೂ ಹಗರಿ ಉಸುಕೇ ಇದೆ. 3 ಮೀಟರ್ ಅಥವಾ ನೀರು ಸಿಗುವ ಮಟ್ಟ, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ ತೋಡಬೇಕು ಎಂದು ಕೇಂದ್ರದ 2016ರ ಮಾರ್ಗಸೂಚಿಯಲ್ಲಿದೆ. ಎಷ್ಟು ಉಸುಕು ಮರಳಿ ತುಂಬುತ್ತದೆ ಎಂದು ಅಧ್ಯಯನ ಮಾಡಬೇಕು ಎಂದು 2020ರ ಮಾರ್ಗಸೂಚಿ ಹೇಳುತ್ತದೆ. ಟಿಪ್ಪರ್ ಎಷ್ಟು ಟನ್ ಹೊತ್ತಿತು ಎಂಬುದಕ್ಕೆ ಪರ್ಮಿಟ್ ಇದೆ. ಬೋರ್‌ವೆಲ್‌ನಲ್ಲಿ ನೀರು ಎಷ್ಟು ಅಡಿ ಇಳಿಯಿತು ಎಂಬುದಕ್ಕೆ ನಮ್ಮೂರಲ್ಲಿ ಒಂದು ಚೀಟಿಯೂ ಇಲ್ಲ.

ಇನ್ನು ಮುಂದೆ ಯಾವುದೇ ಮರಳು ಬ್ಲಾಕ್ ಹರಾಜಾಗುವ ಮೊದಲು ಸುತ್ತಲಿನ ಕುಡಿಯುವ ನೀರಿನ ಬೋರ್‌ಗಳ ಮಟ್ಟ ಅಳೆಯಲಿ. ಆಮೇಲೆ ತಿಂಗಳಿಗೊಮ್ಮೆ ಅಳೆದು ಪಂಚಾಯ್ತಿ ಬೋರ್ಡಿನ ಮೇಲೆ ಬರೆಯಲಿ. ಮಟ್ಟ ಇಳಿಯುತ್ತಾ ಹೋದರೆ ಕೆಲಸ ನಿಲ್ಲಿಸಲಿ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ನಮ್ಮ ವಾಟರ್‌ಮನ್ ಉದ್ದನೆಯ ದಾರಕ್ಕೆ ಕಲ್ಲು ಕಟ್ಟಿ ಇಳಿಸಿದರೂ ಆಗುತ್ತದೆ.

– ಹಗರಿ ದಂಡೆಯ ಓದುಗ, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ