ಛುಟ್ಟಿ ಕೇಳಿದ್ದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ 1969ರಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್ ವಾಯುನೆಲೆಯಿಂದ ಒಬ್ಬ ಹುಡುಗ ವಿಮಾನ ಕದ್ದು ಹಾರಿಸಿ ಸತ್ತ ದುರಂತದ ಬರಹ ಓದಿದೆ. ತಲೆಬರಹದಲ್ಲೇ ಅವನನ್ನು ‘ಕುಡುಕ ಕಳ್ಳ’ ಎಂದಿತ್ತು. ತುಂಬಾ ನೋವಾಯಿತು. ನಾನು ನಮ್ಮ ವಾಯುಪಡೆಯಲ್ಲಿ 20 ವರ್ಷ ಇಂಜಿನ್ ಫಿಟ್ಟರ್ ಆಗಿದ್ದವನು. ಆ ಹುಡುಗನೂ ನನ್ನ ಹಾಗೆ ಪಾನಾ ಹಿಡಿದು ವಿಮಾನದ ಕೆಳಗೆ ನಿಲ್ಲುತ್ತಿದ್ದವನೇ.

ಅವನಿಗೆ 23 ವರ್ಷ. ಅಮೆರಿಕದ ವಾಯುಪಡೆಯಲ್ಲಿ ಸಾರ್ಜೆಂಟ್, ಹರ್ಕ್ಯುಲಿಸ್ ಎಂಬ ಸಾಗಣೆ ವಿಮಾನದ ಕ್ರೂ ಚೀಫ್, ಅಂದರೆ ನೆಲದ ಮೇಲೆ ವಿಮಾನವನ್ನು ಸಿದ್ಧವಾಗಿಡುವವನು. ವಿಯೆಟ್ನಾಂ ಯುದ್ಧ ನೋಡಿ ಬಂದಿದ್ದ. ಹೆಂಡತಿ ವರ್ಜೀನಿಯಾದಲ್ಲಿ, ಇವನು ಇಂಗ್ಲೆಂಡಿನಲ್ಲಿ. ಆಗಷ್ಟೇ ಮದುವೆಯಾಗಿತ್ತು, ಮನೆಯಲ್ಲಿ ತಾಪತ್ರಯ ಇತ್ತು. ಊರಿಗೆ ಹೋಗಬೇಕು ಅಂತ ಕೇಳಿಕೊಂಡ. ಬಿಡಲಿಲ್ಲ.

ಮೇ 22ರ ರಾತ್ರಿ ಕುಡಿದು ಗಲಾಟೆ ಮಾಡಿದ. ಪೊಲೀಸರು ಹಿಡಿದು ಬ್ಯಾರಕ್‌ಗೆ ತಂದು ಬಿಟ್ಟರು. ಮಲಗಿಕೋ ಎಂದರು, ಅಷ್ಟೇ. ಅವನು ಕಿಟಕಿಯಿಂದಲೋ ಬಾಗಿಲಿಂದಲೋ, ಹೇಗೋ ಹೊರಗೆ ಬಂದ. ಕ್ಯಾಪ್ಟನ್ ಅಂತ ಸುಳ್ಳು ಹೆಸರು ಹೇಳಿ ಇಂಧನ ತುಂಬಿಸಿದ. ನಾಲ್ಕು ಇಂಜಿನ್ನಿನ ಆ ದೊಡ್ಡ ವಿಮಾನವನ್ನು ಬೆಳಗಿನ ಜಾವ ಒಬ್ಬನೇ ಮೇಲಕ್ಕೆತ್ತಿದ. ಇಂಜಿನ್ ಚಾಲೂ ಮಾಡೋದು ಗೊತ್ತಿತ್ತು, ಆದರೆ ಅವನು ಪೈಲಟ್ ಅಲ್ಲ. ರೇಡಿಯೊದಲ್ಲಿ ಹೆಂಡತಿ ಜೊತೆ ಒಂದು ಗಂಟೆಗೂ ಜಾಸ್ತಿ ಮಾತಾಡಿದ. ಆಮೇಲೆ ಮಾತು ನಿಂತಿತು. ಹಾರಿದ ಎರಡು ಗಂಟೆಯೊಳಗೆ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಅದರ ಅವಶೇಷ ಸಮುದ್ರದ ತಳದಲ್ಲಿ ಪತ್ತೆಯಾಗಿದ್ದು 2018ರಲ್ಲಿ. ಅವನ ದೇಹ ಸಿಗಲೇ ಇಲ್ಲ.

ಅವನು ಮಾಡಿದ್ದು ದೊಡ್ಡ ತಪ್ಪು. ಆ ವಿಮಾನ ಯಾವುದಾದರೂ ಊರಿನ ಮೇಲೆ ಬಿದ್ದಿದ್ದರೆ? ಅದನ್ನು ನಾನು ಒಪ್ಪುತ್ತೇನೆ.

ಆದರೆ ನನ್ನದೊಂದು ವಿಷಯ ಹೇಳುತ್ತೇನೆ. 1991ರಲ್ಲಿ ನಾನು ಈಶಾನ್ಯದ ಒಂದು ಸ್ಟೇಷನ್‌ನಲ್ಲಿದ್ದೆ. ಅಪ್ಪನಿಗೆ ಲಕ್ವ ಹೊಡೆದಿದೆ ಎಂದು ಟೆಲಿಗ್ರಾಂ ಬಂತು. ಇನ್‌ಸ್ಪೆಕ್ಷನ್ ಇದೆ ಅಂತ ಎರಡು ಸಲ ಛುಟ್ಟಿ ಕೊಡಲಿಲ್ಲ. ಅವತ್ತು ರಾತ್ರಿ ನನಗೆ ಏನೇನೋ ಯೋಚನೆ ಬಂತು, ಈಗ ಬರೆಯಲು ಕೈ ಬರುವುದಿಲ್ಲ. ಪಕ್ಕದ ಮಂಚದ ಮಲಯಾಳಿ ಕಾರ್ಪೊರಲ್ ಮಲಗಲಿಲ್ಲ. ಬೆಳಗಿನವರೆಗೂ ನನ್ನ ಜೊತೆ ಕೂತಿದ್ದ. ಬೆಳಿಗ್ಗೆ ನನ್ನ ಕೈ ಹಿಡಿದು ವಾರಂಟ್ ಆಫೀಸರ್ ಹತ್ತಿರ ಕರೆದುಕೊಂಡು ಹೋದ. ಮಧ್ಯಾಹ್ನ ಛುಟ್ಟಿ ಸಿಕ್ಕಿತು. ಮೂರು ದಿನ ರೈಲಿನಲ್ಲಿ ಬಂದೆ. ಅಪ್ಪ ನನ್ನ ಗುರುತು ಹಿಡಿದರು.

ಮಿಲ್ಡನ್‌ಹಾಲ್‌ನಲ್ಲಿ ಆ ರಾತ್ರಿ ಅವನ ಮಂಚದ ಹತ್ತಿರ ಯಾರೂ ಕೂರಲಿಲ್ಲ, ಅಲ್ವಾ?

ನಿಮ್ಮ ಬರಹದಲ್ಲಿ ಅವನ ಕುಡಿತಕ್ಕೆ ಎರಡು ಪ್ಯಾರಾ ಇದೆ. ಊರಿಗೆ ಕಳಿಸಿ ಅಂತ ಕೇಳಿಕೊಂಡಿದ್ದ ವಿಷಯ ಕೊನೆಯಲ್ಲಿ ಅರ್ಧ ಸಾಲು. ಈಗಲೂ ಎಷ್ಟೋ ಮನೆಗಳ ಹುಡುಗರು ದೂರದ ಸ್ಟೇಷನ್‌ಗಳಲ್ಲಿದ್ದಾರೆ. ಅವರ ತಾಯಂದಿರು ನಿಮ್ಮ ಪತ್ರಿಕೆ ಓದುತ್ತಾರೆ. ಮುಂದೆ ಇಂಥದ್ದು ಬರೆಯುವಾಗ ಆ ಅರ್ಧ ಸಾಲನ್ನು ದಯವಿಟ್ಟು ಮೊದಲ ಪ್ಯಾರಾದಲ್ಲಿ ಹಾಕಿ.

– ಒಬ್ಬ ನಿವೃತ್ತ ಸಾರ್ಜೆಂಟ್, ಅರಸೀಕೆರೆ