ಅಲಗೇರಿಗೆ ವಿಮಾನ ಬರುವ ಮೊದಲು ಅದರ ಚಕ್ರದ ಚಿಂತೆ ಮಾಡಿ

ಉತ್ತರ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರಗಳು.

ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗಲಿ ಎಂದು ನಾವೆಲ್ಲ ಕಾಯುತ್ತಿದ್ದೇವೆ. ಟರ್ಮಿನಲ್, ರಸ್ತೆ, ಪರಿಹಾರದ ಮಾತು ಬೇಕಾದಷ್ಟು ಆಗಿದೆ, ಆಗಲೂಬೇಕು. ಆದರೆ ವಿಮಾನದ ಚಕ್ರದ ಮಾತು ಯಾರೂ ಎತ್ತುತ್ತಿಲ್ಲ. ವಿಮಾನ ರಿಪೇರಿಯಲ್ಲೇ ಆಯುಷ್ಯ ಕಳೆದವನಾಗಿ ನಾನು ಸುಮ್ನೆ ಕೂರಲಾರೆ.

ಇಲ್ಲಿಗೆ ಬರುವುದು ಡಾರ್ನಿಯರ್, ಎಟಿಆರ್‌ನಂಥ ಸಣ್ಣ ವಿಮಾನಗಳೇ ಇರಬಹುದು. ದಿನಕ್ಕೆ ನಾಲ್ಕಾರು ಸಲ ಇಳಿಯುತ್ತವೆ, ಪ್ರತಿ ಸಲವೂ ಪೆಟ್ಟು ತಿನ್ನುವುದು ಚಕ್ರದ ಕಾಲು. ಅದರೊಳಗೆ ಎಣ್ಣೆ ಮತ್ತು ನೈಟ್ರೋಜನ್ ಇರುತ್ತದೆ. ಕನ್ನಡಿಯಂತೆ ಹೊಳೆಯುವ ರಾಡ್ ಒಳಗೆ ಸರಿದು ಪೆಟ್ಟನ್ನು ನುಂಗುತ್ತದೆ. ಆ ರಾಡಿನ ಮೇಲೆ ಉಪ್ಪು, ಧೂಳು ಕೂತರೆ ಎಣ್ಣೆ ಹೊರಬರದಂತೆ ತಡೆಯುವ ಸೀಲ್ ಸವೆಯುತ್ತದೆ. ಮೊದಲು ಬೆರಳಿಗೆ ಹತ್ತುವಷ್ಟು ಎಣ್ಣೆಯ ಪಸೆ. ಆಮೇಲೆ ಸೋರಿಕೆ. ಕೊನೆಗೆ ಕಾಲು ಕುಗ್ಗಿ, ಪೆಟ್ಟೆಲ್ಲ ವಿಮಾನದ ಮೈಗೇ.

ಕಾರವಾರದ ಗಾಳಿಗೆ ಕಿಟಕಿ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ನಿಮಗೂ ಗೊತ್ತಲ್ವಾ?

ಕಣ್ಣಿಗೆ ಕಾಣದ ತುಕ್ಕೇ ಜಾಸ್ತಿ ಅಪಾಯ. 2007ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಆಲ್‌ಬೋರ್ಗ್‌ನಲ್ಲಿ ಕ್ಯೂ400 ಎಂಬ ಪ್ರಯಾಣಿಕ ವಿಮಾನವೊಂದರ ಬಲಗಡೆಯ ಚಕ್ರದ ಕಾಲು ಇಳಿಯುವಾಗಲೇ ಕುಸಿಯಿತು. ಮೂರೇ ದಿನದಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲೂ ಅಂಥದೇ ವಿಮಾನಕ್ಕೆ ಅದೇ ಕಥೆ. ಚಕ್ರವನ್ನು ಮೇಲೆ ಕೆಳಗೆ ಮಾಡುವ ರಾಡಿನ ತುದಿಯ ತಿರುಪಿನ ಎಳೆಗಳೊಳಗೆ ತುಕ್ಕು ಹಿಡಿದಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಚಕ್ರ ಇಳಿಯದಿದ್ದರೆ ಪೈಲಟ್‌ಗೆ ಬೇರೆ ದಾರಿ ಇದೆ. ಕೆಲವು ವಿಮಾನಗಳಲ್ಲಿ ಕೈಪಂಪು, ಕೆಲವದರಲ್ಲಿ ಲಾಕ್ ಬಿಡಿಸಿದರೆ ಚಕ್ರ ತನ್ನ ಭಾರಕ್ಕೇ ಇಳಿಯುತ್ತದೆ. ಅದೂ ಆಗದೆ ಹೊಟ್ಟೆಯ ಮೇಲೆ ಇಳಿದರೆ ಮುಂದಿನ ಕೆಲಸ ನೆಲದವರದು. ನೌಕಾಪಡೆಯೂ ಬಳಸುವ ರನ್‌ವೇ ಮೇಲೆ ವಿಮಾನ ಅಡ್ಡ ಬಿದ್ದರೆ ಎತ್ತುವವರು ಯಾರು?

ಅದಕ್ಕೇ ನನ್ನ ಬೇಡಿಕೆ. ವಿಮಾನದ ಕಾಲು ತೊಳೆಯಲು ಸಿಹಿನೀರಿನ ಜಾಗ, ಬಿದ್ದ ವಿಮಾನ ಎತ್ತುವ ಜ್ಯಾಕ್ ಮತ್ತು ಗಾಳಿಚೀಲ ಇರುವ ಶೆಡ್, ತರಬೇತಾದ ಅಗ್ನಿಶಾಮಕ ತಂಡ. ಇವಿಷ್ಟೂ ಮೊದಲ ಯೋಜನೆಯಲ್ಲೇ ಸೇರಲಿ, "ಆಮೇಲೆ ನೋಡೋಣ" ಅನ್ನುವ ಪಟ್ಟಿಗೆ ಹೋಗದಿರಲಿ. ಭೂಮಿ ಕೊಟ್ಟ ಮನೆಗಳ ಐಟಿಐ ಓದಿದ ಮಕ್ಕಳಿಗೆ ಈ ಕೆಲಸದ ತರಬೇತಿ ಕೊಡಿಸಿ. ಅವರಿಗೆ ಬರೀ ಗೇಟ್ ಕಾಯುವ ಕೆಲಸ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ನಾಗರಿಕ ವಿಮಾನಯಾನ ಸಚಿವಾಲಯದ ಮುಂದೆ ಇದನ್ನು ಬರಹದಲ್ಲಿಡಿ. ಬಂದ ಉತ್ತರವನ್ನು ನಮಗೂ ತಿಳಿಸಿ.

ಇತಿ,
ಅಂಕೋಲೆಯ ಒಬ್ಬ ನಿವೃತ್ತ ವಿಮಾನ ಮೆಕ್ಯಾನಿಕ್